ನಮ್ಮ ಕಾಫಿ ಹೋಗುವ ದಾರಿಯಲ್ಲಿ ತಿಮಿಂಗಿಲ

(ವನ್ಯಜೀವಿ ಸಪ್ತಾಹದಲ್ಲಿ ಗೋಣಿಕೊಪ್ಪದಲ್ಲಿ ಮಾಡಿದ ಭಾಷಣದ ಬರಹರೂಪ)

ಅಧ್ಯಕ್ಷರೇ, ಹಿರಿಯರೇ, ಬೆಳೆಗಾರ ಬಂಧುಗಳೇ,

ಕೊಡಗಿನಲ್ಲಿ ವನ್ಯಜೀವಿ ಸಪ್ತಾಹ ಎಂದರೆ ಆನೆ ಬಿಟ್ಟು ಬೇರೆ ಮಾತಿಲ್ಲ. ಆಹ್ವಾನ ಪತ್ರಿಕೆಯಲ್ಲಿ ‘ತಿಮಿಂಗಿಲ’ ಎಂದು ಕಂಡು, ಅಚ್ಚಿನ ತಪ್ಪಿರಬೇಕು ಎಂದು ಸಂಘಟಕರಿಗೆ ಫೋನ್ ಮಾಡಿದವರೂ ಇದ್ದಾರಂತೆ. ತಪ್ಪಲ್ಲ. ಅರಬ್ಬೀ ಸಮುದ್ರದ ಹಂಪ್‌ಬ್ಯಾಕ್ ತಿಮಿಂಗಿಲದ ಅಳಿವು ಉಳಿವಿನಲ್ಲಿ ನಮ್ಮ ಕಾಫಿ ಮೂಟೆಗೂ ಪಾಲಿದೆ ಎಂದು ಹೇಳುವುದಕ್ಕೇ ನಾನು ಬಂದಿರುವುದು.

ಬೇರೆ ಸಾಗರಗಳ ಹಂಪ್‌ಬ್ಯಾಕ್‌ಗಳು ಬೇಸಿಗೆಯಲ್ಲಿ ಧ್ರುವದ ಕಡೆಯ ತಣ್ಣೀರಿಗೆ ಹೋಗಿ ಹೊಟ್ಟೆ ತುಂಬಿಸಿಕೊಳ್ಳುತ್ತವೆ, ಚಳಿಗಾಲಕ್ಕೆ ಬೆಚ್ಚನೆಯ ಕಡಲಿಗೆ ಬಂದು ಮರಿ ಹಾಕುತ್ತವೆ. ಅರಬ್ಬೀ ಸಮುದ್ರದವು ಹಾಗೆ ಧ್ರುವದ ಕಡೆ ತಲೆ ಹಾಕುವುದಿಲ್ಲ. ಯಾಕೆ ಹಾಕಬೇಕು? ನೈಋತ್ಯ ಮುಂಗಾರು ಒಮಾನ್ ಕರಾವಳಿಯ ಮೇಲ್ನೀರನ್ನು ಆಚೆ ತಳ್ಳುತ್ತದೆ. ಅಡಿಯಿಂದ ತಣ್ಣನೆಯ, ಸತ್ವ ತುಂಬಿದ ನೀರು ಮೇಲೇಳುತ್ತದೆ. ಅದರ ಬೆನ್ನಿಗೆ ಪಾಚಿ, ಕ್ರಿಲ್ ಎಂಬ ಸೀಗಡಿಯಂಥ ಪುಟ್ಟ ಜೀವಿ, ಮತ್ತಿ ಮೀನು. ಊಟವೇ ಮನೆ ಬಾಗಿಲಿಗೆ! ಜುಲೈನಲ್ಲಿ ಭಾಗಮಂಡಲದ ಸಂಗಮ ಮುಳುಗಿಸುವುದೂ ಅದೇ ಮುಂಗಾರು. ಸುಮಾರು 70,000 ವರ್ಷಗಳಿಂದ ಈ ಗುಂಪು ಬೇರೆಯವರ ಜೊತೆ ಬೆರೆತಿಲ್ಲ ಎಂದು ವಂಶವಾಹಿ ಅಧ್ಯಯನ ಹೇಳುತ್ತದೆ. ಬಾಲದ ಅಡಿಯ ಕಪ್ಪು ಬಿಳುಪು ಗುರುತು ಒಂದರದ್ದು ಇನ್ನೊಂದಕ್ಕಿರುವುದಿಲ್ಲ. ಆ ಫೋಟೋಗಳನ್ನು ಹೋಲಿಸಿ ಒಮಾನ್ ಕಡಲಿಗೆ ಹಾಕಿದ ಅಂದಾಜು 82. ಸಾವಿರವಲ್ಲ ಸ್ವಾಮಿ, ಎಂಬತ್ತೆರಡು.

ಮೊದಲೂ ಇಷ್ಟೇ ಇದ್ದವೇ? ಇಲ್ಲ. 1965–66ರಲ್ಲಿ ಸೋವಿಯತ್ ಬೇಟೆ ಹಡಗುಗಳು ಅರಬ್ಬೀ ಸಮುದ್ರದಲ್ಲಿ 242 ಹಂಪ್‌ಬ್ಯಾಕ್‌ಗಳನ್ನು ಕೊಂದವು, ಬಹುಪಾಲು 1966ರ ನವೆಂಬರ್ ಒಂದೇ ತಿಂಗಳಲ್ಲಿ. ಹೊರಗೆ ಕೊಟ್ಟದ್ದು ಸುಳ್ಳು ಲೆಕ್ಕ. ನಿಜ ಹೊರಬಿದ್ದದ್ದು ಸೋವಿಯತ್ ಒಕ್ಕೂಟವೇ ಮುಳುಗಿದ ಮೇಲೆ. ಹಡಗಿನಲ್ಲಿದ್ದ ವಿಜ್ಞಾನಿಗಳು ಹೊಟ್ಟೆ ಬಗೆದು ಏನು ತಿಂದಿವೆ, ಭ್ರೂಣ ಎಷ್ಟು ಉದ್ದ ಎಂದೆಲ್ಲ ಬರೆದಿಟ್ಟಿದ್ದರು. ಇವು ಇಲ್ಲೇ ಮೇಯುತ್ತವೆ, ಇಲ್ಲೇ ಹೆರುತ್ತವೆ ಎಂಬುದಕ್ಕೆ ದೊಡ್ಡ ಆಧಾರ ಆ ಕಳ್ಳಬೇಟೆಯ ದಾಖಲೆಯೇ. ಅದನ್ನು ಓದುವಾಗ ವಿಜ್ಞಾನದ ಮೇಲೇ ಸ್ವಲ್ಪ ಸಿಟ್ಟು ಬರುತ್ತದೆ.

ಈಗ ಲುಬಾನ್ ಎಂಬ ತಿಮಿಂಗಿಲದ ಕಥೆ. ಎಲ್ಲಿ ಹೋದರೂ ಹೇಳುತ್ತೇನೆ, ಕೇಳಿದವರು ಕ್ಷಮಿಸಿ. 2017ರ ನವೆಂಬರ್‌ನಲ್ಲಿ ಒಮಾನ್‌ನ ಮಸೀರಾ ಕೊಲ್ಲಿಯಲ್ಲಿ ಒಂದು ಹೆಣ್ಣು ಹಂಪ್‌ಬ್ಯಾಕ್‌ಗೆ ಉಪಗ್ರಹ ಟ್ಯಾಗ್ ಹಾಕಿದರು. ನಮ್ಮ ಆನೆಗಾದರೆ ರೇಡಿಯೋ ಕಾಲರ್ ಕಟ್ಟಬಹುದು. ತಿಮಿಂಗಿಲಕ್ಕೆ ಕುತ್ತಿಗೆ ಎಲ್ಲಿ ಹುಡುಕುವುದು? ಬೆನ್ನಿನ ರೆಕ್ಕೆಯ ಹತ್ತಿರ ಚುಚ್ಚಬೇಕು. ಅದು ಉಸಿರಿಗೆಂದು ಮೇಲೆ ಬಂದಾಗ ಮಾತ್ರ ಸಿಗ್ನಲ್, ಮುಳುಗಿದರೆ ನಾಟ್ ರೀಚಬಲ್. ಒಮಾನ್ ದಡದಲ್ಲೇ ಸುತ್ತುತ್ತಾಳೆ ಎಂದುಕೊಂಡಿದ್ದರೆ, ಈ ಮಹಾರಾಯ್ತಿ ಡಿಸೆಂಬರ್‌ನಲ್ಲಿ ಪೂರ್ವಕ್ಕೆ ತಿರುಗಿದಳು. ಇಡೀ ಅರಬ್ಬೀ ಸಮುದ್ರ ದಾಟಿ ಗೋವಾ ಕಡೆಗೆ ಬಂದು, ಕರಾವಳಿಯುದ್ದಕ್ಕೂ ದಕ್ಷಿಣಕ್ಕೆ ಇಳಿದು, ಕನ್ಯಾಕುಮಾರಿ ತನಕ! ನಾವು ಇಲ್ಲಿ ಅರೇಬಿಕಾ ಕೊಯ್ಯುವ ಹೊತ್ತಿಗೆ ಅವಳು ಅಲ್ಲಿ ನಮ್ಮ ಪಶ್ಚಿಮ ಕಡಲಲ್ಲಿ. ಒಂದು ಟ್ಯಾಗ್ ಇಲ್ಲದಿದ್ದರೆ ನಮಗೆ ಸುಳಿವೂ ಸಿಗುತ್ತಿರಲಿಲ್ಲ. ಗೋವಾದ ಕಡಲಲ್ಲಿ ಹಂಪ್‌ಬ್ಯಾಕ್ ಹಾಡೂ ಧ್ವನಿಮುದ್ರಣವಾಗಿದೆ. ಹಾಡುವುದು ಗಂಡುಗಳು ಮಾತ್ರ. ಆ ಹಾಡಿಗೆ ಒಂದು ಕಟ್ಟು ಇದೆ ಎಂದು ರೋಜರ್ ಪೇನ್ ಮತ್ತು ಸ್ಕಾಟ್ ಮೆಕ್‌ವೇ ಎಂಬ ಸಂಶೋಧಕರು 1971ರಲ್ಲೇ ತೋರಿಸಿಕೊಟ್ಟರು.

ಹಡಗಿನ ಪ್ರೊಪೆಲರ್‌ನ ಗದ್ದಲ ಆ ಹಾಡಿನ ತಗ್ಗು ಸ್ವರದ ಪಟ್ಟಿಯಲ್ಲೇ ಬೀಳುತ್ತದೆ. ಮಂಗಳೂರು, ಕೊಚ್ಚಿಯಿಂದ ಯೂರೋಪಿಗೆ ಹೊರಡುವ ಕಾಫಿ ದಾಟುವುದು ಈ ಕಡಲನ್ನೇ. 2001ರ ಸೆಪ್ಟೆಂಬರ್ 11ರ ದಾಳಿಯ ಬಳಿಕ ಕೆನಡಾದ ಫಂಡಿ ಕೊಲ್ಲಿಯಲ್ಲಿ ಹಡಗು ಸಂಚಾರ ತಗ್ಗಿದಾಗ ಸದ್ದು 6 ಡೆಸಿಬೆಲ್ ಇಳಿಯಿತು, ಅಲ್ಲಿನ ‘ರೈಟ್’ ಎಂಬ ಜಾತಿಯ ತಿಮಿಂಗಿಲಗಳ ಮಲದಲ್ಲಿ ಒತ್ತಡದ ಹಾರ್ಮೋನೂ ಇಳಿಯಿತು. ಮಲ ಹೇಗೆ ಹುಡುಕಿದರು ಎಂದು ಕೇಳಬೇಡಿ. ಮುಂದೆ ಅದಕ್ಕೆಂದೇ ದೋಣಿಯ ಮೂತಿಯಲ್ಲಿ ನಾಯಿ ಕೂರಿಸಿದರು! ಬೇಟೆನಾಯಿ ಸಾಕಿದ ಮನೆಯವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ನಾನು ಕೇಳುವುದು ಹಡಗು ನಿಲ್ಲಿಸಿ ಎಂದಲ್ಲ, ನಿಧಾನಿಸಿ ಎಂದು. ನಿಧಾನಿಸಿದರೆ ಸದ್ದೂ ತಗ್ಗುತ್ತದೆ, ತಿಮಿಂಗಿಲಕ್ಕೆ ಡಿಕ್ಕಿ ಹೊಡೆಯುವುದೂ ತಗ್ಗುತ್ತದೆ. ಅಮೆರಿಕದ ಪೂರ್ವ ಕರಾವಳಿಯಲ್ಲಿ 2008ರಿಂದ ನಿಗದಿತ ತಿಂಗಳುಗಳಲ್ಲಿ ದೊಡ್ಡ ಹಡಗಿಗೆ 10 ನಾಟ್, ಅಂದರೆ ಗಂಟೆಗೆ ಸುಮಾರು 18.5 ಕಿ.ಮೀ. ವೇಗದ ಮಿತಿ ಇದೆ. ಶ್ರೀಲಂಕಾದ ದಕ್ಷಿಣಕ್ಕೆ ನೀಲಿ ತಿಮಿಂಗಿಲಗಳಿಗಾಗಿ ಎಂಎಸ್‌ಸಿ ಎಂಬ ಸರಕು ಹಡಗು ಕಂಪನಿ 2022ರಲ್ಲಿ ತನ್ನ ಹಡಗುಗಳ ದಾರಿಯನ್ನೇ ಇನ್ನೂ ದಕ್ಷಿಣಕ್ಕೆ ಸರಿಸಿತು. ಹಾಗಾದರೆ ಕಾಫಿ ತಡವಾಗುವುದಿಲ್ಲವೇ? ಆಗಲಿ! ಹಾಯಿ ಹಡಗಿನ ಕಾಲದಲ್ಲಿ ಆಫ್ರಿಕಾ ಸುತ್ತಿ ತಿಂಗಳುಗಟ್ಟಲೆ ಹೋದ ಬೀಜ ಕಡಲ ತೇವ ಕುಡಿದು ಉಬ್ಬಿ, ಹೊಂಬಣ್ಣಕ್ಕೆ ತಿರುಗಿ, ಹುಳಿ ಕಳೆದುಕೊಳ್ಳುತ್ತಿತ್ತು. ಯೂರೋಪಿನವರಿಗೆ ಆ ರುಚಿಯೇ ಹಿಡಿಸಿತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಉಗಿಹಡಗು ಬಂದು ಬೀಜ ಬೇಗ ತಲುಪಿದರೆ, ನಮ್ಮ ಹಳೇ ಕಾಫಿ ಎಲ್ಲಿ ಎಂದರು. ಅದಕ್ಕೇ ಇಂದಿಗೂ ಮಂಗಳೂರಿನ ಗೋದಾಮುಗಳಲ್ಲಿ ಬೀಜ ಹರಡಿ ಮಳೆಗಾಳಿ ಕುಡಿಸಿ ‘ಮಾನ್ಸೂನ್ಡ್ ಮಲಬಾರ್’ ಮಾಡುವುದು. ತಡವಾದದ್ದಕ್ಕೇ ಹೆಸರು ಮಾಡಿದ ಕಾಫಿ ನಮ್ಮದು. ಇನ್ನೆರಡು ದಿನ ತಡವಾದರೆ ಯಾರ ಗಂಟು ಹೋಯಿತು? ನೆರಳಿನ ಕಾಫಿ, ಹಕ್ಕಿಯ ಕಾಫಿ ಎಂದು ಪ್ರಮಾಣಪತ್ರ ತೂಗುಹಾಕುವವರು ಹಡಗಿನ ವೇಗವನ್ನೂ ಅದರಲ್ಲಿ ಬರೆಸಲಿ. ರಫ್ತುದಾರರು ಇಲ್ಲೇ ಮುಂದಿನ ಸಾಲಿನಲ್ಲಿದ್ದೀರಿ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಒಂದು ಚೀಟಿ ಬಂದಿದೆ: ‘ತಿಮಿಂಗಿಲದ ವಾಂತಿಗೆ ಈಗೇನು ರೇಟು?’ ಹೆಸರು ಬರೆದಿಲ್ಲ, ಜಾಣರು. ಕೊಡಗಿನ ಪೊಲೀಸರೂ ಅಂಬರ್‌ಗ್ರಿಸ್ ಹಿಡಿದ ಸುದ್ದಿ ಓದಿದ್ದೀರಿ. ಅದು ಹಂಪ್‌ಬ್ಯಾಕ್‌ನದಲ್ಲ, ಸ್ಪರ್ಮ್ ತಿಮಿಂಗಿಲದ್ದು. ನುಂಗಿದ ಬೊಂಡಾಸೆಯ, ಅಂದರೆ ಸ್ಕ್ವಿಡ್‌ನ, ಗಟ್ಟಿ ಕೊಕ್ಕಿನ ಸುತ್ತ ಕರುಳಿನಲ್ಲಿ ಕಟ್ಟುವ ಗಡ್ಡೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯ ಪ್ರಾಣಿಯದ್ದು, ಮಾರುವಂತಿಲ್ಲ. ರೇಟು ಜೈಲಿನಲ್ಲಿ ವಿಚಾರಿಸಿ.

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ. ಬಲೆಯ ವಿಷಯ ಉಳಿದೇಹೋಯಿತು. ಹಾಗೆ ನೋಡಿದರೆ ಹಡಗಿಗಿಂತ ದೊಡ್ಡ ಗಂಡಾಂತರ ಅದೇ. ಒಮಾನ್‌ನ ಎಷ್ಟೋ ತಿಮಿಂಗಿಲಗಳ ಬಾಲದ ಬುಡದಲ್ಲಿ ಹಗ್ಗ ಕೊರೆದ ಗಾಯದ ಗುರುತಿದೆ. ಆದರೆ ಬಲೆ ಬೆಸ್ತರ ಹೊಟ್ಟೆಪಾಡು, ಗೋಣಿಕೊಪ್ಪದಲ್ಲಿ ನಿಂತು ಅವರಿಗೆ ಬುದ್ಧಿ ಹೇಳುವ ಉಸಾಬರಿ ನನಗೆ ಬೇಡ. ಮಹಾರಾಷ್ಟ್ರದಲ್ಲಿ ಸಂರಕ್ಷಿತ ಪ್ರಾಣಿಯನ್ನು ಬಿಡಿಸಲು ಬಲೆ ಕತ್ತರಿಸಿದವರಿಗೆ 25,000 ರೂಪಾಯಿವರೆಗೆ ಪರಿಹಾರ ಕೊಡುವ ಯೋಜನೆ 2018ರಲ್ಲಿ ಬಂತು. ಅಂಥದ್ದು ಸರಿ ಅನಿಸುತ್ತದೆ. ಇನ್ನೂ ನಾಲ್ಕು ಸ್ಲೈಡ್ ಇದ್ದವು, ಬಿಡಿ, ಊಟಕ್ಕೆ ಏಳೋಣ. ರಫ್ತುದಾರರು ಮಾತ್ರ ಎರಡು ನಿಮಿಷ ಕೂತಿರಿ.