ಒಬ್ಬರ ಪರವಾನಗಿ, ಎಲ್ಲರ ಕಾನೂನು

ಕೇಳುಗರೆಲ್ಲರಿಗೂ ನಮಸ್ಕಾರ.

2025ರ ಜೂನ್ 9ರಂದು ಕೇರಳದ ಬೇಪೂರಿನಿಂದ ಸುಮಾರು 78 ನಾಟಿಕಲ್ ಮೈಲು ದೂರದ ನಡುಗಡಲಿನಲ್ಲಿ ‘ವಾನ್ ಹೈ 503’ ಎಂಬ ಕಂಟೈನರ್ ಹಡಗಿಗೆ ಬೆಂಕಿ ಬಿತ್ತು. ಕೊಲಂಬೊದಿಂದ ಮುಂಬಯಿಯತ್ತ ಹೊರಟಿದ್ದ ಹಡಗು ಅದು. ಬಾವುಟ ಸಿಂಗಾಪುರದ್ದು, ಒಡೆತನ ತೈವಾನಿನ ಸಂಸ್ಥೆಯದ್ದು. ಹಡಗಿನಲ್ಲಿದ್ದ 22 ಮಂದಿಯಲ್ಲಿ ಚೀನಾದವರು, ತೈವಾನಿನವರು, ಮ್ಯಾನ್ಮಾರಿನವರು, ಇಂಡೋನೇಷ್ಯಾದವರು ಇದ್ದರು. ನಮ್ಮ ನೌಕಾಪಡೆ ಮತ್ತು ಕರಾವಳಿ ಕಾವಲು ಪಡೆ 18 ಮಂದಿಯನ್ನು ಉಳಿಸಿ ಅದೇ ರಾತ್ರಿ ಪಣಂಬೂರಿನ ನವಮಂಗಳೂರು ಬಂದರಿಗೆ ತಂದವು. ಗಾಯಗೊಂಡವರಿಗೆ ಮಂಗಳೂರಿನಲ್ಲಿ ಚಿಕಿತ್ಸೆ ನಡೆಯಿತು. ನಾಲ್ವರು ಕಾಣೆಯಾದರು.

ಚೀನಾ ಮತ್ತು ತೈವಾನಿನ ನಡುವಿನ ಮನಸ್ತಾಪ ಜಗತ್ತಿಗೇ ಗೊತ್ತು. ಚೀನಾ ಮತ್ತು ಭಾರತದ ಗಡಿ ವಿವಾದವೂ ಗೊತ್ತಿರುವುದೇ. ಮ್ಯಾನ್ಮಾರಿನಲ್ಲಿ ಅಂತರ್ಯುದ್ಧ ನಡೆಯುತ್ತಿದೆ. ಆದರೂ ನೀರಿನಲ್ಲಿ ಮುಳುಗುತ್ತಿದ್ದವರು ಯಾವ ದೇಶದವರು ಎಂದು ವಿಚಾರಿಸಿಕೊಂಡು ನಮ್ಮ ಹಡಗುಗಳು ಹೊರಡಲಿಲ್ಲ. ಹಾಗೆ ವಿಚಾರಿಸುವಂತೆಯೂ ಇಲ್ಲ. 1979ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಒಪ್ಪಿಕೊಂಡ ಶೋಧ ಮತ್ತು ರಕ್ಷಣೆಯ ಒಪ್ಪಂದದ ಪ್ರಕಾರ ಜಗತ್ತಿನ ಕಡಲನ್ನೆಲ್ಲ ವಲಯಗಳಾಗಿ ಹಂಚಲಾಗಿದೆ. ಯಾವ ವಲಯದಲ್ಲಿ ಯಾರು ಧಾವಿಸಬೇಕು ಎಂಬುದು ಮೊದಲೇ ತೀರ್ಮಾನವಾಗಿದೆ. ಅದಕ್ಕೂ ಹಿಂದಿನದು, 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ 1914ರಲ್ಲಿ ರೂಪುಗೊಂಡ ಕಡಲಿನ ಜೀವರಕ್ಷಣೆಯ ಒಪ್ಪಂದ. ನೂರು ವರ್ಷಗಳಿಂದ ಹಲವು ದೇಶಗಳ ಅಧಿಕಾರಿಗಳು ಮೇಜಿನ ಸುತ್ತ ಕುಳಿತು, ಒಂದೊಂದು ವಾಕ್ಯಕ್ಕೂ ವಾದ ಮಾಡಿ ಬರೆದ ಕಾಗದಗಳ ಬಲದ ಮೇಲೆ ಆ 18 ಮಂದಿ ಪಣಂಬೂರಿನಲ್ಲಿ ನೆಲ ಮುಟ್ಟಿದರು. ಬಹುರಾಷ್ಟ್ರ ಸಹಕಾರದ ಮುಂದಿನ ದಿನಗಳ ಬಗ್ಗೆ ನಾನು ಇಂದು ಮಾತನಾಡುವುದು ಈ ಕಡಲ ತಡಿಯಿಂದಲೇ.

ಈ ಸಹಕಾರದ ಕಾಲ ಮುಗಿಯಿತು ಎನ್ನುವವರ ದನಿ ಈಗ ಜೋರಾಗಿದೆ. ಅವರ ಮಾತಿಗೆ ಆಧಾರವಿಲ್ಲ ಎಂದು ನಾನು ಹೇಳಲಾರೆ. ವಿಶ್ವಸಂಸ್ಥೆಯಲ್ಲಿ 193 ಸದಸ್ಯ ರಾಷ್ಟ್ರಗಳಿವೆ, ಆದರೆ ಭದ್ರತಾ ಮಂಡಳಿಯಲ್ಲಿ ಐದು ಕಾಯಂ ರಾಷ್ಟ್ರಗಳ ಪೈಕಿ ಯಾವುದೊಂದು ಕೈ ಅಡ್ಡ ಹಿಡಿದರೂ ನಿರ್ಣಯ ಬಿದ್ದುಹೋಗುತ್ತದೆ. ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಳಿಗೆ ಸದಸ್ಯರ ನೇಮಕವನ್ನು ಅಮೆರಿಕ ತಡೆದದ್ದರಿಂದ 2019ರ ಡಿಸೆಂಬರಿನಿಂದ ಅದು ಕೆಲಸವನ್ನೇ ಮಾಡಲಾಗುತ್ತಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯಿಂದ ಹೊರನಡೆಯುವುದಾಗಿ ಅಮೆರಿಕ 2025ರ ಜನವರಿಯಲ್ಲಿ ಘೋಷಿಸಿತು. ಹಡಗುಗಳ ಹೊಗೆಗೆ ದರ ಕಟ್ಟುವ ಯೋಜನೆಗೆ ಲಂಡನ್ನಿನ ಅಂತಾರಾಷ್ಟ್ರೀಯ ಕಡಲಯಾನ ಸಂಸ್ಥೆ 2025ರ ಏಪ್ರಿಲ್‌ನಲ್ಲಿ ಅನುಮೋದನೆ ಕೊಟ್ಟಿತ್ತು. ಅಕ್ಟೋಬರಿನಲ್ಲಿ ಅಂತಿಮವಾಗಿ ಅಂಗೀಕರಿಸಬೇಕಾದ ಹೊತ್ತಿಗೆ ಅದನ್ನೇ ಒಂದು ವರ್ಷ ಮುಂದಕ್ಕೆ ಹಾಕಲಾಯಿತು.

ಇಷ್ಟಾದರೂ ಹಿಂದೊಮ್ಮೆ ಎಲ್ಲವೂ ಸರಿಯಾಗಿತ್ತು, ಈಗ ಕೆಟ್ಟುಹೋಯಿತು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ನಮ್ಮ ಊರಿನವರೊಬ್ಬರೇ ಸಾಕ್ಷಿ.

ಬೆನಗಲ್ ನರಸಿಂಗ ರಾವ್ ಹುಟ್ಟಿದ್ದು 1887ರಲ್ಲಿ, ಮಂಗಳೂರಿನಲ್ಲಿ. ನಮ್ಮ ಸಂವಿಧಾನ ಸಭೆಗೆ ಸಾಂವಿಧಾನಿಕ ಸಲಹೆಗಾರರಾಗಿದ್ದವರು ಎಂದು ಅವರನ್ನು ಬಲ್ಲವರು ಕೆಲವರಾದರೂ ಇದ್ದಾರೆ. ಅವರ ಬದುಕಿನ ಮುಂದಿನ ಭಾಗ ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. 1950ರ ಜೂನ್ 25ರಂದು ಕೊರಿಯಾ ಯುದ್ಧ ಆರಂಭವಾದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದವರು ಅವರೇ. ಆ ತಿಂಗಳ ಸರದಿ ಭಾರತದ್ದಾಗಿತ್ತು. ಆ ಕೋಣೆಯ ಸ್ಥಿತಿ ಹೇಗಿತ್ತು? ಚೀನಾದ ಸ್ಥಾನ ಯಾರಿಗೆ ಸೇರಬೇಕೆಂಬ ಜಗಳದಲ್ಲಿ ಸೋವಿಯತ್ ಒಕ್ಕೂಟ ಸಭೆಯನ್ನೇ ಬಹಿಷ್ಕರಿಸಿತ್ತು. ಆ ಕುರ್ಚಿ ಖಾಲಿ ಇದ್ದುದರಿಂದಲೇ ಉತ್ತರ ಕೊರಿಯಾದ ದಾಳಿಯ ವಿರುದ್ಧದ ನಿರ್ಣಯ ಅಂಗೀಕಾರವಾಯಿತು, ಇಲ್ಲದಿದ್ದರೆ ಅಂದೂ ಅದು ಬಿದ್ದುಹೋಗುತ್ತಿತ್ತು. ವಿಶ್ವಸಂಸ್ಥೆಗೆ ಆಗ ಐದು ವರ್ಷವೂ ತುಂಬಿರಲಿಲ್ಲ, ಅಷ್ಟರಲ್ಲೇ ಅದು ಒಡೆದ ಮನೆಯಾಗಿತ್ತು.

ನರಸಿಂಗ ರಾಯರು ಕೈಚೆಲ್ಲಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲಿ ಕದನವಿರಾಮದ ದಾರಿ ಹುಡುಕಲು ಮಹಾಸಭೆ ಮೂವರ ಗುಂಪನ್ನು ರಚಿಸಿತು. ಇರಾನಿನ ನಸ್ರುಲ್ಲಾ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್, ಮೂರನೆಯವರು ನಮ್ಮ ರಾಯರು. ಅವರ ಪ್ರಯತ್ನ ಆಗ ಫಲ ಕೊಡಲಿಲ್ಲ. ಕದನವಿರಾಮ ಆದದ್ದು 1953ರ ಜುಲೈ 27ರಂದು. ಊರಿಗೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಹೊಣೆಯನ್ನು ಹೊತ್ತುಕೊಳ್ಳಲು ಎರಡೂ ಪಕ್ಷಗಳು ಒಪ್ಪಿದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾದವರು ಕೊಡಗಿನ ಜನರಲ್ ಕೆ. ಎಸ್. ತಿಮ್ಮಯ್ಯ. ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿದ್ದ ನರಸಿಂಗ ರಾಯರು ಅದೇ 1953ರ ನವೆಂಬರಿನಲ್ಲಿ ತೀರಿಕೊಂಡರು. ಘಟ್ಟದ ಆಚೆ ಈಚೆಯ ಈ ಇಬ್ಬರ ಕೆಲಸವನ್ನು ನೆನೆದಾಗ ನನಗೆ ಅಭಿಮಾನ ಉಕ್ಕುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ದೊಡ್ಡ ರಾಷ್ಟ್ರಗಳು ಮುಖ ತಿರುಗಿಸಿಕೊಂಡು ಕುಳಿತ ಕಾಲದಲ್ಲೇ ನಡುವಿನ ದೇಶಗಳು ಈ ಕೆಲಸವನ್ನು ಮಾಡಿದವು. ಮುಂದೆಯೂ ಅವುಗಳೇ ಮಾಡಬೇಕಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎಲ್ಲರೂ ಕೂಡಿ ಮಾಡುವ ಕಾನೂನು ಇಲ್ಲದಿದ್ದರೆ ಏನಾಗುತ್ತದೆ? ಇದಕ್ಕೆ ಉತ್ತರವನ್ನು ಈ ಕರಾವಳಿ ಹದಿನಾರನೆಯ ಶತಮಾನದಲ್ಲೇ ಕಂಡಿದೆ. ಪೋರ್ಚುಗೀಸರು ಬರುವ ಮೊದಲು ಅರಬ್ಬೀ ಸಮುದ್ರದಲ್ಲಿ ಅರಬರು, ಗುಜರಾತಿಗಳು, ಮಲಬಾರಿನವರು, ನಮ್ಮವರು ವ್ಯಾಪಾರ ನಡೆಸುತ್ತಿದ್ದರು. ಮಂಗಳೂರು, ಬಸ್ರೂರು, ಬಾರ್ಕೂರುಗಳ ಅಕ್ಕಿ ಮತ್ತು ಕರಿಮೆಣಸು ದೂರದ ಬಂದರುಗಳಿಗೆ ಹೋಗುತ್ತಿತ್ತು. ಪೋರ್ಚುಗೀಸರು ಬಂದವರೇ ಈ ಕಡಲು ತಮ್ಮದೆಂದು ಸಾರಿ ‘ಕರ್ತಾಜ್’ ಎಂಬ ಪರವಾನಗಿ ಚೀಟಿಯನ್ನು ಜಾರಿಗೆ ತಂದರು. ಹಣ ಕೊಟ್ಟು ಚೀಟಿ ಪಡೆಯದ ಹಡಗನ್ನು ಸರಕಿನ ಸಮೇತ ಮುಟ್ಟುಗೋಲು ಹಾಕಿದರು. ಎಲ್ಲಿಗೆ ಹೋಗಬೇಕು, ಏನನ್ನು ಒಯ್ಯಬಾರದು ಎಂಬುದನ್ನೂ ಆ ಚೀಟಿಯೇ ಹೇಳುತ್ತಿತ್ತು. ಉಳ್ಳಾಲದ ರಾಣಿ ಅಬ್ಬಕ್ಕ ಎದುರು ನಿಂತದ್ದು ಇಂತಹ ದಬ್ಬಾಳಿಕೆಗೆ. ಕಡಲಿನ ಮೇಲೆ ಒಂದು ನಿಯಮ ಇದ್ದೇ ಇರುತ್ತದೆ. ಅದನ್ನು ಎಲ್ಲರೂ ಕೂಡಿ ಬರೆಯದಿದ್ದರೆ ಫಿರಂಗಿ ಇರುವವನು ಒಬ್ಬನೇ ಬರೆಯುತ್ತಾನೆ. ಇಂದು ಫಿರಂಗಿಯ ಜಾಗದಲ್ಲಿ ಸುಂಕ, ನಿರ್ಬಂಧ, ಕಂಪ್ಯೂಟರ್ ಚಿಪ್, ಅಪರೂಪದ ಲೋಹಗಳು ಬಂದಿವೆ.

1982ರಲ್ಲಿ ಜಮೈಕಾದ ಮಾಂಟೆಗೊ ಬೇಯಲ್ಲಿ ಸಹಿಯಾದ ಕಡಲ ಕಾನೂನಿನ ಒಪ್ಪಂದದ ಬೆಲೆ ನಮಗೆ ಗೊತ್ತಾಗಬೇಕಾದದ್ದು ಇಲ್ಲಿ. ತೀರದಿಂದ 12 ನಾಟಿಕಲ್ ಮೈಲು ದೇಶದ ಪ್ರಾದೇಶಿಕ ಜಲ, 200 ಮೈಲಿನವರೆಗೆ ಆ ದೇಶದ ಆರ್ಥಿಕ ವಲಯ ಎಂದು ಅದು ಗೆರೆ ಎಳೆಯಿತು. 1994ರಲ್ಲಿ ಜಾರಿಗೆ ಬಂತು, ಮರುವರ್ಷ ಭಾರತ ಅನುಮೋದಿಸಿತು. ಮಲ್ಪೆಯ ಆಳಸಮುದ್ರ ಬೋಟನ್ನು ನಡೆಸುವ ತಾಂಡೇಲ ಹತ್ತು ದಿನ ಹೊರಗಿದ್ದು ಮೀನು ಹಿಡಿಯುವಾಗ ದೂರದೇಶದ ಭಾರೀ ಹಡಗು ಬಂದು ಅವನ ಪಕ್ಕದಲ್ಲಿ ಹಕ್ಕಿನಿಂದ ಬಲೆ ಹಾಕುವಂತಿಲ್ಲದಿರುವುದು ಈ ಗೆರೆಯಿಂದಾಗಿ.

ಆ 200 ಮೈಲಿನ ಆಚೆಗೆ ಏನು? ಅಲ್ಲಿನ ಜೀವಸಂಪತ್ತಿಗೆ ಸಾಕಷ್ಟು ಕಾವಲಿರಲಿಲ್ಲ. ಸುಮಾರು ಎರಡು ದಶಕಗಳ ಮಾತುಕತೆಯ ನಂತರ 2023ರ ಜೂನ್‌ನಲ್ಲಿ ದೇಶಗಳು ಅದಕ್ಕೂ ಒಂದು ಒಪ್ಪಂದ ಮಾಡಿಕೊಂಡವು. 60 ದೇಶಗಳ ಅನುಮೋದನೆ ಸೇರಿದ ಮೇಲೆ 2026ರ ಜನವರಿ 17ರಂದು ಅದು ಜಾರಿಗೆ ಬಂತು. ಭಾರತ 2024ರ ಸೆಪ್ಟೆಂಬರಿನಲ್ಲಿ ಸಹಿ ಹಾಕಿತು. ಬಹುರಾಷ್ಟ್ರ ಸಹಕಾರ ಸತ್ತಿತೆಂದು ಬರೆಯುತ್ತಿದ್ದ ವರ್ಷಗಳಲ್ಲೇ ಇದು ನಡೆದಿದೆ.

ಇನ್ನೊಂದು ಒಪ್ಪಂದ ಬೋಟುಗಳು ಮೀನು ಇಳಿಸುವ ನಮ್ಮ ದಕ್ಕೆಗೆ ಇನ್ನೂ ಹತ್ತಿರದ್ದು. ಮೀನುಗಾರಿಕೆಗೆ ಸರ್ಕಾರಗಳು ಕೊಡುವ ಸಹಾಯಧನವನ್ನು ಕುರಿತು ವಿಶ್ವ ವ್ಯಾಪಾರ ಸಂಸ್ಥೆ 2022ರ ಜೂನ್‌ನಲ್ಲಿ ಜಿನೀವಾದಲ್ಲಿ ಅಂಗೀಕರಿಸಿದ ಒಪ್ಪಂದ 2025ರ ಸೆಪ್ಟೆಂಬರ್ 15ರಂದು ಜಾರಿಗೆ ಬಂತು. ಅಕ್ರಮ ಮೀನುಗಾರಿಕೆಗೆ, ಈಗಾಗಲೇ ಬರಿದಾದ ಮೀನು ಸಂತತಿಯನ್ನು ಹಿಡಿಯುವುದಕ್ಕೆ ಸಹಾಯಧನ ಕೊಡಬಾರದು ಎಂಬುದು ಅದರ ತಿರುಳು. ಜಾರಿಗೆ ಬಂದ ದಿನ ಒಪ್ಪಿದವರ ಪಟ್ಟಿಯಲ್ಲಿ ಭಾರತದ ಹೆಸರಿರಲಿಲ್ಲ. ಅತಿ ಸಾಮರ್ಥ್ಯದ ದೋಣಿಪಡೆಗಳಿಗೆ ಸಿಗುವ ಸಹಾಯಧನದ ಬಗೆಗಿನ ಎರಡನೆಯ ಭಾಗ ಇನ್ನೂ ಚರ್ಚೆಯಲ್ಲಿದೆ. ಭಾರತದ ವಾದ ಹೀಗಿದೆ: ದೂರದ ಕಡಲುಗಳಿಗೆ ಹಡಗು ಕಳುಹಿಸಿ ಮೀನು ಬರಿದು ಮಾಡಿದವರು ಬೇರೆಯವರು, ಮೊದಲು ಅವರು ನಿಲ್ಲಿಸಲಿ; ನಮ್ಮಂತಹ ದೇಶಗಳಿಗೆ 25 ವರ್ಷಗಳ ಕಾಲಾವಕಾಶ ಬೇಕು.

ಈ ವಾದದ ಮೊದಲರ್ಧಕ್ಕೆ ನಾನು ಪೂರ್ತಿ ಬೆಂಬಲಿಗ. ಡೀಸೆಲ್ ಸಬ್ಸಿಡಿ ನಿಂತರೆ ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಎಷ್ಟೋ ಬೋಟುಗಳು ಮೇಲೇಳಲಾರವು. ಸೀಮೆಎಣ್ಣೆ ಸಿಗದಿದ್ದರೆ ನಾಡದೋಣಿಯವರ ಪಾಡು ಹೇಳುವುದೇ ಬೇಡ. ಅವರನ್ನೂ ಸಾವಿರಾರು ಮೈಲು ದೂರ ಹೋಗಿ ಬಲೆ ಬೀಸುವ ಭಾರೀ ಹಡಗುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಆದರೆ 25 ವರ್ಷ ಎಂಬ ಮಾತು ನನ್ನನ್ನು ಕಾಡುತ್ತದೆ. ಬೂತಾಯಿ ಮೀನು ಒಂದು ವರ್ಷ ರಾಶಿ ಬೀಳುತ್ತದೆ, ಇನ್ನೊಂದು ವರ್ಷ ಕಣ್ಣಿಗೇ ಬೀಳುವುದಿಲ್ಲ. ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು ಮತ್ತು ಎರಡು ಬೋಟುಗಳು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನು ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ. ಆ ಬಗ್ಗೆ ನಾಡದೋಣಿಯವರ ದೂರು ಇಂದಿಗೂ ನಿಂತಿಲ್ಲ. ಮೊದಲ ಒಪ್ಪಂದವನ್ನು ಒಪ್ಪಿಕೊಂಡು, ಆ ನೈತಿಕ ಬಲದೊಂದಿಗೆ ಎರಡನೆಯದರಲ್ಲಿ ಚಿಕ್ಕ ಮೀನುಗಾರರ ಪರವಾಗಿ ಗಟ್ಟಿಯಾಗಿ ನಿಲ್ಲುವುದು ಭಾರತಕ್ಕೆ ಹೆಚ್ಚು ಶೋಭಿಸುತ್ತದೆ.

ದೇಶದೇಶಗಳ ಮಾತು ಹಾಗಿರಲಿ, ರಾಜ್ಯರಾಜ್ಯಗಳ ನಡುವೆಯೂ ಇದು ಸುಲಭವಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ರಜೆ. ಕೇರಳ ತನ್ನ ನೀರಿನಲ್ಲಿ 52 ದಿನವಷ್ಟೇ ರಜೆ ಇಟ್ಟುಕೊಂಡಿದೆ. ಮೊಟ್ಟೆ ಇಡುವ ಮೀನಿಗೆ ತಲಪಾಡಿಯ ಗಡಿ ತಿಳಿಯದು.

ಸಹಕಾರ ಅರ್ಧಕ್ಕೇ ನಿಂತರೆ ಏನಾಗುತ್ತದೆ ಎಂಬುದನ್ನೂ ನಾವು ನೋಡಿದ್ದೇವೆ. ವಾನ್ ಹೈ ಹೊತ್ತಿ ಉರಿಯುವುದಕ್ಕೆ ಎರಡು ವಾರ ಮೊದಲು, 2025ರ ಮೇ 25ರಂದು, ಕೊಚ್ಚಿಯ ಬಳಿ ‘ಎಂಎಸ್‌ಸಿ ಎಲ್ಸಾ 3’ ಮುಳುಗಿತು. ಅದರ ಬಾವುಟ ಲೈಬೀರಿಯದ್ದು. ಒಡೆಯ ಒಂದು ದೇಶದಲ್ಲಿ, ನೋಂದಣಿ ಇನ್ನೊಂದರಲ್ಲಿ, ನಾವಿಕರು ಬೇರೆ ಬೇರೆ ದೇಶದವರು. ಹಡಗಿನಿಂದ ಚೆಲ್ಲಿದ ಪ್ಲಾಸ್ಟಿಕ್ ಹರಳುಗಳು ಬಂದು ಬಿದ್ದದ್ದು ತಿರುವನಂತಪುರದ ಮೀನುಗಾರರ ಮರಳಿನ ಮೇಲೆ. ಅಪಾಯಕಾರಿ ಸರಕಿನಿಂದಾಗುವ ಹಾನಿಗೆ ಪರಿಹಾರ ಕೊಡಿಸುವ ಒಪ್ಪಂದವೊಂದನ್ನು 1996ರಲ್ಲೇ ಬರೆದಿದ್ದಾರೆ. ಸಾಕಷ್ಟು ದೇಶಗಳು ಅನುಮೋದಿಸದ ಕಾರಣ ಎಲ್ಸಾ ಮುಳುಗಿದಾಗ ಅದು ಇನ್ನೂ ಜಾರಿಗೆ ಬಂದಿರಲಿಲ್ಲ. ಹಡಗು ಇನ್ನಷ್ಟು ಉತ್ತರದಲ್ಲಿ ಮುಳುಗಿದ್ದರೆ ಆ ಹರಳುಗಳನ್ನು ಆರಿಸುವ ಕೆಲಸ ಸೋಮೇಶ್ವರದವರಿಗೋ ಕಾಪುವಿನವರಿಗೋ ಬರುತ್ತಿತ್ತು.

ಇದಕ್ಕೆ ಎದುರಾಗಿ ಒಂದು ಒಳ್ಳೆಯ ಉದಾಹರಣೆಯಿದೆ. 2004ರ ಡಿಸೆಂಬರ್ 26ರಂದು ಸುಮಾತ್ರಾದ ಬಳಿ ಭೂಮಿ ನಡುಗಿದ ಮೇಲೆ ಅಲೆ ತಮಿಳುನಾಡಿನ ತೀರಕ್ಕೆ ಬರಲು ಸುಮಾರು ಎರಡು ಗಂಟೆ ಹಿಡಿಯಿತು. ಆ ಎರಡು ಗಂಟೆ ವ್ಯರ್ಥವಾಯಿತು. ಪೆಸಿಫಿಕ್ ಸಾಗರಕ್ಕೆ 1965ರಿಂದಲೇ ಇದ್ದ ಮುನ್ನೆಚ್ಚರಿಕೆಯ ವ್ಯವಸ್ಥೆ ಹಿಂದೂ ಮಹಾಸಾಗರಕ್ಕೆ ಇರಲಿಲ್ಲ. ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು. ನಂತರ ಯುನೆಸ್ಕೊದ ಆಶ್ರಯದಲ್ಲಿ ಈ ಸಾಗರದ ದೇಶಗಳು ಒಂದು ಜಾಲ ಕಟ್ಟಿದವು. 2011ರಿಂದ ಆಸ್ಟ್ರೇಲಿಯಾ, ಇಂಡೋನೇಷ್ಯಾಗಳ ಜೊತೆಗೆ ಹೈದರಾಬಾದಿನ ನಮ್ಮ ಕೇಂದ್ರವೂ ಸುತ್ತಲಿನ ದೇಶಗಳಿಗೆ ಎಚ್ಚರಿಕೆ ಕಳುಹಿಸುತ್ತಿದೆ. ಅರಬ್ಬೀ ಸಮುದ್ರಕ್ಕೆ ಸುನಾಮಿಯ ಭಯ ಹೆಚ್ಚಾಗಿ ಇರುವುದು ಪಾಕಿಸ್ತಾನ ಮತ್ತು ಇರಾನಿನ ಮಕ್ರಾನ್ ತೀರದ ಕಡೆಯಿಂದ. 1945ರಲ್ಲಿ ಅಲ್ಲಿಂದಲೇ ಅಲೆ ಎದ್ದಿತ್ತು. ಹಾಗಾಗಿ ಮಲ್ಪೆಯ ತೀರದಲ್ಲಿ ಸಂಜೆ ಆಡುವ ಮಕ್ಕಳ ಜೀವಕ್ಕೆ ಪಾಕಿಸ್ತಾನ, ಇರಾನ್, ಒಮಾನ್‌ಗಳ ಕರಾವಳಿಯ ನೀರಿನ ಮಟ್ಟದ ಅಳತೆಗಳೂ ಕಾವಲು. ಗಡಿಯಲ್ಲಿ ಗುಂಡು ಹಾರಿದರೂ ಆ ಅಳತೆಗಳು ಬರುತ್ತಿರಬೇಕು. ಇದನ್ನು ಉಳಿಸಿಕೊಳ್ಳುವುದು ದೌರ್ಬಲ್ಯವೆಂದು ಯಾರಾದರೂ ಹೇಳಿದರೆ ನಾವು ಗಟ್ಟಿ ದನಿಯಲ್ಲಿ ಅಲ್ಲವೆನ್ನಬೇಕು.

ದಕ್ಷಿಣ ಕನ್ನಡ, ಉಡುಪಿ, ನಮ್ಮ ಈ ಎರಡು ಜಿಲ್ಲೆಗಳ ಎಷ್ಟೋ ಯುವಕರು ಹಡಗುಗಳಲ್ಲಿ ದುಡಿಯುತ್ತಾರೆ. ಒಡೆಯ ದಿವಾಳಿಯಾಗಿ ಹಡಗನ್ನು ಯಾವುದೋ ಬಂದರಿನಲ್ಲಿ ಕೈಬಿಟ್ಟರೆ, ಅವರ ನಾಲ್ಕು ತಿಂಗಳವರೆಗಿನ ಬಾಕಿ ಸಂಬಳವನ್ನೂ ಊರಿಗೆ ಮರಳುವ ಖರ್ಚನ್ನೂ ವಿಮೆಯಿಂದ ಕೊಡಿಸುವ ನಿಯಮ 2017ರಿಂದ ಜಾರಿಯಲ್ಲಿದೆ. 2006ರ ಕಡಲ ಕಾರ್ಮಿಕರ ಒಪ್ಪಂದಕ್ಕೆ ಆಮೇಲೆ ಸೇರಿಸಿದ ನಿಯಮ ಅದು. ಮಗನನ್ನು ಹಡಗಿಗೆ ಕಳುಹಿಸುವ ತಂದೆತಾಯಿಯರಲ್ಲಿ ಎಷ್ಟು ಮಂದಿಗೆ ಇದು ತಿಳಿದಿದೆ? ಏಜೆಂಟನ ಮಾತಿಗೆ ಒಪ್ಪುವ ಮೊದಲು ಆ ಹಡಗಿಗೆ ಈ ವಿಮೆಯ ಪ್ರಮಾಣಪತ್ರ ಇದೆಯೇ ಎಂದು ಕೇಳಿ. ಹಡಗಿನಲ್ಲಿ ಅದನ್ನು ಎಲ್ಲರಿಗೂ ಕಾಣುವಂತೆ ಅಂಟಿಸಿರಬೇಕೆಂದೇ ನಿಯಮವಿದೆ.

ಸರ್ಕಾರದಲ್ಲಿ ನನ್ನದೂ ಒಂದು ಬೇಡಿಕೆಯಿದೆ. ಮೀನುಗಾರಿಕೆಯ ಒಪ್ಪಂದಗಳು ಇಂಗ್ಲಿಷಿನಲ್ಲಿ ಬಂದು ಇಂಗ್ಲಿಷಿನಲ್ಲೇ ಕಡತ ಸೇರುತ್ತವೆ. ಅವುಗಳ ಮುಖ್ಯ ಅಂಶಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಮಲ್ಪೆ, ಗಂಗೊಳ್ಳಿ, ಮಂಗಳೂರಿನ ಮೀನುಗಾರರ ಸಹಕಾರ ಸಂಘಗಳಿಗೆ ಮುಟ್ಟಿಸಲಿ. ಜಿನೀವಾದ ಮುಂದಿನ ಸುತ್ತಿಗೆ ಮುನ್ನ, ಜೂನ್–ಜುಲೈಯ ರಜೆಯಲ್ಲಿ ಬೋಟುಗಳು ದಡದಲ್ಲಿರುವಾಗ, ಅಧಿಕಾರಿಗಳು ದಕ್ಕೆಗೆ ಬಂದು ತಾಂಡೇಲರ ಮಾತು ಕೇಳಲಿ. ಬಲೆ ನೇಯುವ ಹೆಂಗಸರ, ಮೀನು ಮಾರುವ ಹೆಂಗಸರ ಮಾತನ್ನೂ ಕೇಳಲಿ. ಅವರ ಹೆಸರಿನಲ್ಲಿ ವಾದಿಸುವ ನಮ್ಮ ಪ್ರತಿನಿಧಿಯ ಕೈಯಲ್ಲಿ ಅವರು ಹೇಳಿ ಬರೆಸಿದ ಟಿಪ್ಪಣಿಯೂ ಇರಲಿ.

ನಮಸ್ಕಾರ.