ಟೀ ಲೋಟದಿಂದ ಬಿಳಿ ಹರಳಿನವರೆಗೆ

ಎಲ್ಲರಿಗೂ ನಮಸ್ಕಾರ. ಈಗಷ್ಟೇ ಟೀ ಕುಡಿದು ಬಂದು ಕೂತಿದ್ದೀರಿ, ಅಲ್ವಾ? ಇವತ್ತಿನ ನನ್ನ ಮಾತೆಲ್ಲ ಆ ಲೋಟದ ಒಳಗಿನದ್ದೇ. ಟೀಯಿಂದ ಕೆಫೀನ್ ಒಂದನ್ನೇ ಹೊರಗೆ ತೆಗೆಯುವುದು ಹೇಗೆ?

ಬೇರ್ಪಡಿಸುವ ಕೆಲಸ ನಮಗೆ ಹೊಸದಲ್ಲ. ಮೊರದಲ್ಲಿ ಅಕ್ಕಿ ಕೇರಿದರೆ ಹೊಟ್ಟು ಹಾರುತ್ತದೆ, ಕಾಳು ಉಳಿಯುತ್ತದೆ. ಒಂದು ಹಗುರ, ಇನ್ನೊಂದು ಭಾರ. ಎರಡೂ ಒಂದೇ ತೂಕದವಾಗಿದ್ದರೆ ಮೊರ ಏನೂ ಮಾಡಲಾರದು. ಲ್ಯಾಬಿನಲ್ಲೂ ನಾವು ಹುಡುಕುವುದು ಅಂಥ ಒಂದು ವ್ಯತ್ಯಾಸವನ್ನೇ.

ಕೆಫೀನನ್ನು ಮೊದಲು ಬೇರ್ಪಡಿಸಿದವನು ಜರ್ಮನಿಯ ರಸಾಯನಶಾಸ್ತ್ರಜ್ಞ ರುಂಗೆ, 1819ರಲ್ಲಿ. ಬೆಲಡೋನಾ ಗಿಡದ ರಸಕ್ಕೆ ಬೆಕ್ಕಿನ ಕಣ್ಣಿನ ಪಾಪೆ ಅಗಲವಾಗುವುದನ್ನು ಅವನು ಕವಿ ಗಯಟೆಗೆ ತೋರಿಸಿದ್ದ. ಮೆಚ್ಚಿದ ಗಯಟೆ ಒಂದಷ್ಟು ಕಾಫಿ ಬೀಜ ಕೊಟ್ಟು, ಇದರಲ್ಲಿ ಏನಿದೆ ನೋಡು ಅಂದ. ಪಾಪ, ಬೆಕ್ಕಿಗೆ ಏನು ಸಿಕ್ಕಿತೋ!

ನಾವು ಟೀ ಪುಡಿಯನ್ನೇ ತೆಗೆದುಕೊಳ್ಳೋಣ. 10 ಗ್ರಾಂ ಪುಡಿಯನ್ನು ನೀರಲ್ಲಿ ಕುದಿಸಿ ಸೋಸಿದರೆ ಕೆಫೀನ್ ಡಿಕಾಕ್ಷನ್ನಿಗೆ ಇಳಿಯುತ್ತದೆ. ಆದರೆ ಅದರ ಜೊತೆಗೆ ಬಣ್ಣವೂ ಬರುತ್ತದೆ, ಬಾಯಿ ಒಗರು ಮಾಡುವ ಟ್ಯಾನಿನ್ನೂ ಬರುತ್ತದೆ. ಆದ್ದರಿಂದ ಕುದಿಸುವಾಗಲೇ ಸೋಡಿಯಂ ಕಾರ್ಬೊನೇಟ್, ಅಂದರೆ ವಾಷಿಂಗ್ ಸೋಡಾ ಹಾಕುತ್ತೇವೆ. ಟ್ಯಾನಿನ್‌ಗೆ ಆಮ್ಲದ ಗುಣ ಇದೆ. ಸೋಡಾ ಸಿಕ್ಕಿದರೆ ಅದು ಲವಣವಾಗಿ ನೀರಲ್ಲೇ ಉಳಿದುಬಿಡುತ್ತದೆ. ಕೆಫೀನ್‌ಗೆ ಆ ಹಂಗಿಲ್ಲ.

ಡಿಕಾಕ್ಷನ್ ಪೂರ್ತಿ ಆರಿದ ಮೇಲೆ ಸೆಪರೇಟಿಂಗ್ ಫನಲ್‌ಗೆ, ಅಂದರೆ ತಳದಲ್ಲಿ ನಲ್ಲಿ ಇರುವ ಗಾಜಿನ ಪಾತ್ರೆಗೆ ಸುರಿದು ಡೈಕ್ಲೋರೋಮೀಥೇನ್ ಅನ್ನುವ ದ್ರಾವಕ ಸೇರಿಸಬೇಕು. ಆರದೆ ಸೇರಿಸಿದಿರೋ, ಅದು ಕುದಿಯುವುದೇ ಸುಮಾರು 40 ಡಿಗ್ರಿಗೆ, ಫನಲ್ಲಿನ ಮುಚ್ಚಳ ಹಾರುತ್ತದೆ. ಆವಿ ಒಳ್ಳೆಯದಲ್ಲ, ಆವಿಯನ್ನು ಹೊರಗೆಳೆಯುವ ಗೂಡು, ಅಂದರೆ ಫ್ಯೂಮ್ ಹುಡ್ ಬೇಕೇ ಬೇಕು. ಇದು ನೀರಿಗಿಂತ ಭಾರ, ಕೆಳಗೆ ಕೂರುತ್ತದೆ. ಕೆಫೀನ್‌ಗೆ ನೀರಿಗಿಂತ ಇದರ ಸಹವಾಸ ಜಾಸ್ತಿ ಇಷ್ಟ.

ಇಲ್ಲಿ ನನ್ನ ಪೆದ್ದುತನ ಹೇಳಲೇಬೇಕು. ಮೊದಲ ಸಲ ಮಾಡಿದಾಗ ಮಜ್ಜಿಗೆ ಕಡೆದ ಹಾಗೆ ಜೋರಾಗಿ ಕುಲುಕಿದೆ. ಎರಡು ಪದರ ಕಾಣಬೇಕಾದಲ್ಲಿ ಕಂದು ನೊರೆಯ ಗಂಜಿ! ಮಧ್ಯಾಹ್ನವೆಲ್ಲ ಕಾದರೂ ಅದು ಒಡೆಯಲಿಲ್ಲ. ಕೊನೆಗೆ ಸ್ವಲ್ಪ ಉಪ್ಪು ಹಾಕಿದ ಮೇಲೆ ಪದರ ಬಿಟ್ಟಿತು. ಫನಲ್ಲನ್ನು ನಿಧಾನವಾಗಿ ಮಗುಚಿದರೆ ಸಾಕು, ತೊಟ್ಟಿಲು ತೂಗಿದ ಹಾಗೆ.

ಇನ್ನೊಂದು ಲೆಕ್ಕ ನೋಡಿ, ನನಗೆ ತುಂಬಾ ಇಷ್ಟವಾದದ್ದು. ನೀರಲ್ಲಿ 100 ಮಿಲಿಗ್ರಾಂ ಕೆಫೀನ್ ಇದೆ, ದ್ರಾವಕದಲ್ಲಿ ಅದು ನೀರಿಗಿಂತ 9 ಪಟ್ಟು ಚೆನ್ನಾಗಿ ಸೇರುತ್ತದೆ ಅಂತ ಇಟ್ಟುಕೊಳ್ಳಿ. ನೀರಿನಷ್ಟೇ ದ್ರಾವಕವನ್ನು ಒಂದೇ ಸಲ ಹಾಕಿದರೆ ನೀರಲ್ಲಿ 10 ಮಿಲಿಗ್ರಾಂ ಉಳಿಯುತ್ತದೆ. ಅದೇ ದ್ರಾವಕವನ್ನು ಮೂರು ಪಾಲು ಮಾಡಿ ಮೂರು ಸಲ ಹಾಕಿ. ಪ್ರತಿ ಸಲವೂ ಕಾಲುಭಾಗ ಉಳಿಯುತ್ತದೆ: 25, ಆಮೇಲೆ 6 ಚಿಲ್ಲರೆ, ಕೊನೆಗೆ ಬರೀ ಒಂದೂವರೆ. ಖರ್ಚು ಅಷ್ಟೇ, ಫಲ ಜಾಸ್ತಿ. ಒಂದೇ ಬಕೆಟ್ ನೀರನ್ನು ಮೂರು ಸಲಕ್ಕೆ ಹಂಚಿಕೊಂಡು ಬಟ್ಟೆಯ ಸೋಪು ಬಿಡಿಸುವವರಿಗೆ ಇದು ಗೊತ್ತು.

ಕೆಳಗಿನ ಪದರ ಇಳಿಸಿಕೊಂಡು, ಸೋಡಿಯಂ ಸಲ್ಫೇಟ್‌ನಿಂದ ನೀರಿನ ಪಸೆ ತೆಗೆದು, ದ್ರಾವಕವನ್ನು ಬಟ್ಟಿ ಇಳಿಸಿದರೆ ತಳದಲ್ಲಿ ಹಸಿರು ಮಿಶ್ರಿತ ಪುಡಿ ಉಳಿಯುತ್ತದೆ. ಆ ಹಸಿರು ಬಣ್ಣ ಟೀ ಎಲೆಯದ್ದು, ಪುಡಿ ಇನ್ನೂ ಶುದ್ಧವಲ್ಲ. ಇದನ್ನು ಹುಷಾರಾಗಿ ಬಿಸಿ ಮಾಡಿದರೆ ಕೆಫೀನ್ ಕರಗುವ ಮೊದಲೇ ಆವಿಯಾಗಿ, ಮೇಲಿನ ತಣ್ಣನೆಯ ಗಾಜಿಗೆ ಬಿಳಿ ಸೂಜಿಗಳಾಗಿ ಅಂಟುತ್ತದೆ, ಕರ್ಪೂರದ ಹಾಗೆ. ಹಸಿರು ಕೆಳಗೇ ಉಳಿಯುತ್ತದೆ.

ಶುದ್ಧವೋ ಅಲ್ಲವೋ ಅಂತ ಕಣ್ಣು ಹೇಳುವುದಿಲ್ಲ. ಅದಕ್ಕೆ ಕರಗುವ ಬಿಂದು ನೋಡಬೇಕು. ಶುದ್ಧ ಕೆಫೀನ್ ಸುಮಾರು 235ರಿಂದ 238 ಡಿಗ್ರಿಯೊಳಗೆ ಚಟ್ಟನೆ ಕರಗುತ್ತದೆ. ಕಲಬೆರಕೆ ಇದ್ದರೆ ಮೊದಲೇ ಮೆತ್ತಗಾಗಿ ಎಳೆದಾಡುತ್ತದೆ. ನಮ್ಮ 10 ಗ್ರಾಂ ಟೀ ಪುಡಿಯಲ್ಲಿ ಶೇಕಡಾ 3 ಕೆಫೀನ್ ಇದ್ದರೆ 300 ಮಿಲಿಗ್ರಾಂ ಸಿಗಬೇಕು. ವಿದ್ಯಾರ್ಥಿಗಳಿಗೆ ಅಷ್ಟು ಸಿಗುವುದಿಲ್ಲ. ಫಿಲ್ಟರ್ ಪೇಪರಿಗೆ ಸ್ವಲ್ಪ, ಫನಲ್ಲಿಗೆ ಸ್ವಲ್ಪ ಹೋಗುತ್ತದೆ. ರೆಕಾರ್ಡಿನಲ್ಲಿ 290 ಅಂತ ಬರೆದವರ ಮೇಲೆ ನನಗೆ ಯಾವತ್ತೂ ಅನುಮಾನ.

ಡಿಕ್ಯಾಫ್, ಅಂದರೆ ಕೆಫೀನ್ ತೆಗೆದ ಕಾಫಿ ಮಾಡುವವರದ್ದು ಇದೇ ಕೆಲಸ, ಆದರೆ ತಲೆಕೆಳಗು. ಅವರಿಗೆ ಕೆಫೀನೇ ಕಸ, ಉಳಿದದ್ದೆಲ್ಲ ಬೇಕು. ಕೆಲವರು ಭಾರೀ ಒತ್ತಡದ ಕಾರ್ಬನ್ ಡೈಆಕ್ಸೈಡನ್ನು ಒದ್ದೆ ಬೀಜಗಳ ಮೇಲೆ ಹರಿಸಿ ಕೆಫೀನನ್ನು ಎಳೆಯುತ್ತಾರೆ. ಹಾಗೆ ತೆಗೆದ ಕಸವನ್ನು ಎಸೆಯುವುದಿಲ್ಲ, ತಂಪು ಪಾನೀಯ ಮಾಡುವವರಿಗೆ ಮಾರುತ್ತಾರೆ!

ಈಗ ನಿಮ್ಮ ಪ್ರಶ್ನೆಗಳು ಬರಲಿ.