ಅರೆಸೇನಾ ಪಡೆ ಅಂದ್ರೆ ಯಾರು? ಸೈನ್ಯಕ್ಕೂ ಅದಕ್ಕೂ ನಡುವಿನ ಗೆರೆ ಎಲ್ಲಿದೆ?

[ಪರದೆ: ಒಂದೇ ಬಗೆಯ ಮಚ್ಚೆ ಸಮವಸ್ತ್ರ, ಒಂದೇ ಬಗೆಯ ರೈಫಲ್. ಅಕ್ಕಪಕ್ಕ ನಿಂತ ಇಬ್ಬರು.]

ನಮಸ್ಕಾರ. ಈ ಇಬ್ಬರಲ್ಲಿ ಒಬ್ಬ ಸೈನಿಕ, ಇನ್ನೊಬ್ಬ ಅರೆಸೇನಾ ಪಡೆಯವನು. ಯಾರು ಯಾರು ಅಂತ ನೋಡಿ ಹೇಳೋಕಾಗಲ್ಲ. ಬಟ್ಟೆ, ಬಂದೂಕು ಬಿಡಿ. ಮೂರು ವಿಷಯ ಕೇಳಿ: ಇವನಿಗೆ ಹುಕುಂ ಯಾರದು? ಸಂಬಳ ಯಾರ ಖಜಾನೆಯಿಂದ ಬರತ್ತೆ? ತಪ್ಪು ಮಾಡಿದ್ರೆ ಯಾವ ಕಾನೂನಿನಡಿ ವಿಚಾರಣೆ?

ಮೂರಕ್ಕೂ "ಸೇನೆ" ಅನ್ನೋ ಉತ್ತರ ಬಂದ್ರೆ ಅವನು ಸೈನಿಕ. ಉತ್ತರಗಳು ಬೇರೆ ಬೇರೆ ಕಡೆ ಹೋದ್ರೆ ಅರೆಸೇನಾ ಪಡೆ. ಉತ್ತರವೇ ಸಿಗದಿದ್ರೆ ಅದೂ ಅರೆಸೇನಾ ಪಡೆಯೇ, ಆದರೆ ಬೇರೆ ಜಾತಿಯದ್ದು.

[ಪರದೆ: ಎರಡು ಕವಲುಗಳ ಚಿತ್ರ]

ಮೊದಲ ಜಾತಿ ಸರ್ಕಾರವೇ ಕಾನೂನು ಮಾಡಿ ಕಟ್ಟಿದ್ದು. ಫ್ರಾನ್ಸಿನ ಜಾಂಡಾರ್ಮರಿ ನೋಡಿ. ಅದರ ಸಿಬ್ಬಂದಿಗೆ ಇವತ್ತಿಗೂ ಮಿಲಿಟರಿ ದರ್ಜೆ ಇದೆ, ಆದರೆ 2009ರಿಂದ ಅವರು ಗೃಹ ಸಚಿವಾಲಯದ ಕೆಳಗಿದ್ದಾರೆ. ಮಾಡೋದು ಪೊಲೀಸ್ ಕೆಲಸ. ಪೊಲೀಸ್ ಕೆಲಸವನ್ನೇ ಮಾಡೋ ಇಟಲಿಯ ಕ್ಯಾರಬಿನಿಯೇರಿ 1814ರಲ್ಲಿ ಹುಟ್ಟಿದ್ದು. 2000ದಲ್ಲಿ ಅದನ್ನು ಭೂಸೇನೆಯಿಂದ ಬೇರ್ಪಡಿಸಿ ಪ್ರತ್ಯೇಕ ಸಶಸ್ತ್ರ ಪಡೆ ಮಾಡಿದರು. ಅಸ್ಸಾಂ ರೈಫಲ್ಸ್ ಇನ್ನೂ ಸ್ವಾರಸ್ಯದ್ದು: ಆಡಳಿತ ಗೃಹ ಸಚಿವಾಲಯದ್ದು, ಕಾರ್ಯಾಚರಣೆಯ ಹುಕುಂ ಸೇನೆಯದ್ದು. ಒಂದೇ ಪಡೆಗೆ ಇಬ್ಬರು ಯಜಮಾನರು.

ಸಿಆರ್‌ಪಿಎಫ್, ಬಿಎಸ್‌ಎಫ್ ಅಂಥವನ್ನು ನಾವು ಮಾತಿನಲ್ಲಿ ಅರೆಸೇನಾ ಪಡೆ ಅಂತೀವಿ. ಭಾರತದ ಗೃಹ ಸಚಿವಾಲಯ 2011ರಿಂದ ಬಳಸೋ ಹೆಸರು ಕೇಂದ್ರ ಸಶಸ್ತ್ರ ಪೊಲೀಸ್ ಪಡೆ. ಕಾನೂನಿನಲ್ಲೂ ವ್ಯತ್ಯಾಸ ಇದೆ. ಸೈನಿಕ ತಪ್ಪು ಮಾಡಿದರೆ 1950ರ ಸೇನಾ ಕಾಯಿದೆ, ಕೋರ್ಟ್ ಮಾರ್ಷಲ್. ಸಿಆರ್‌ಪಿಎಫ್ ಜವಾನನಿಗೆ 1949ರ ಬೇರೆ ಕಾಯಿದೆ. ಅಲ್ಲಿ ಕಮಾಂಡೆಂಟ್‌ಗೇ ಮ್ಯಾಜಿಸ್ಟ್ರೇಟ್ ಅಧಿಕಾರ ಕೊಡೋಕೆ ಅವಕಾಶ ಇದೆ.

[ಪರದೆ: ಗುಡ್ಡದ ಮೇಲೆ ಗುಂಡಿನ ದಾಳಿಗೆ ಸಿಕ್ಕಿದ ತುಕಡಿ. ನಕ್ಷೆಯಲ್ಲಿ ವೃತ್ತಗಳು ಒಂದೊಂದಾಗಿ ಮೂಡುತ್ತವೆ.]

ಈಗ ಹತ್ತಿರದಿಂದ ನೋಡೋಣ. ಸುಮಾರು ನೂರು ಜನರ ಕಾಲಾಳು ಕಂಪನಿ, ಎದುರಿಂದ ಗುಂಡಿನ ಮಳೆ. ಸೇನೆಯದ್ದಾದರೆ ರೇಡಿಯೋದಲ್ಲಿ ಒಂದು ಕರೆ. ಬೆಟಾಲಿಯನ್ನಿನ 81 ಎಂಎಂ ಮಾರ್ಟರ್ ಸುಮಾರು 5 ಕಿಲೋಮೀಟರ್ ಹಿಂದಿನಿಂದ ಶೆಲ್ ಹಾಕತ್ತೆ. ಸಾಲದಿದ್ದರೆ 155 ಎಂಎಂ ಫಿರಂಗಿ, ಅದು 20 ಕಿಲೋಮೀಟರಿಗೂ ಆಚೆಯಿಂದ. ಅದೂ ಸಾಲದಿದ್ದರೆ ವಿಮಾನ. ಮೈನ್ ತೆಗೆಯೋಕೆ ಸ್ಯಾಪರ್‌ಗಳು, ಗಾಯಾಳುಗಳಿಗೆ ಫೀಲ್ಡ್ ಆಸ್ಪತ್ರೆ, ಇಂಧನಕ್ಕೆ ಲಾರಿಗಳ ಸಾಲು. ಮುಂದೆ ನಿಂತ ಒಬ್ಬನ ಹಿಂದೆ ಕಾಣದ ಹಲವರಿರುತ್ತಾರೆ. ಸೈನ್ಯ ಅಂದರೆ ಈ ಬಾಲವೇ ಹೊರತು ಬರೀ ಬಂದೂಕಲ್ಲ.

ಅರೆಸೇನಾ ಕಂಪನಿಯಾದರೆ? ಕೈಯಲ್ಲಿ ರೈಫಲ್, ಲಘು ಮೆಷಿನ್ ಗನ್, ಹೆಚ್ಚೆಂದರೆ ಚಿಕ್ಕ ಮಾರ್ಟರ್. ರೇಡಿಯೋ ಕರೆ ಸಾಮಾನ್ಯವಾಗಿ ಹೋಗೋದು ಕಂಟ್ರೋಲ್ ರೂಮಿಗೆ, ಫಿರಂಗಿ ದಳಕ್ಕಲ್ಲ. ಅದಕ್ಕೆ ಕಲಿಸಿರೋದು ಗಡಿ ಕಾವಲು, ಗುಂಪು ಚದುರಿಸೋದು, ಹಿಡಿದವನನ್ನು ಪೊಲೀಸರಿಗೆ ಒಪ್ಪಿಸೋದು, ಆದಷ್ಟು ಕಡಿಮೆ ಬಲ ಬಳಸೋದು. ಸೈನಿಕನಿಗೆ ಕಲಿಸಿರೋದು ಶತ್ರುವನ್ನು ಮುಗಿಸೋದು. ಅದಕ್ಕೇ ಅದಲುಬದಲಾದಾಗ ಎರಡೂ ಕಡೆ ಕೆಡತ್ತೆ: ಗುಂಪಿನೆದುರು ಸೈನ್ಯ ನಿಲ್ಲಿಸಿದರೆ ಹೆಣ ಬೀಳತ್ತೆ, ಯುದ್ಧದ ಮುಂಚೂಣಿಗೆ ಅರೆಸೇನಾ ಪಡೆ ತಳ್ಳಿದರೆ ಅದು ಫಿರಂಗಿಗೆ ಆಹುತಿ.

[ಪರದೆ: 1949, 1977]

ಯುದ್ಧ ಬಂದಾಗ ಇವರನ್ನು ಸೇನೆಗೆ ಸೇರಿಸಬಹುದಾ? ಸೇರಿಸಬಹುದು. ಆದರೆ ಎದುರು ಪಕ್ಷಕ್ಕೆ ಅದನ್ನು ತಿಳಿಸಬೇಕು ಅಂತ ಜಿನೀವಾ ಒಪ್ಪಂದಗಳ 1977ರ ಮೊದಲ ಹೆಚ್ಚುವರಿ ಪ್ರೋಟೋಕಾಲ್‌ನ 43ನೇ ವಿಧಿ ಹೇಳತ್ತೆ. ಇದನ್ನು ಒಪ್ಪದ ದೇಶಗಳೂ ಇವೆ. ಸೇನೆಗೆ ಸೇರದ ಸಶಸ್ತ್ರ ಗುಂಪಿನವರು ಸಿಕ್ಕಿಬಿದ್ದಾಗ ಯುದ್ಧಕೈದಿ ಅನ್ನಿಸಿಕೊಳ್ಳಬೇಕಾದರೆ 1949ರ ಮೂರನೇ ಜಿನೀವಾ ಒಪ್ಪಂದದಲ್ಲಿ ನಾಲ್ಕು ಷರತ್ತು: ಹೊಣೆ ಹೊರುವ ನಾಯಕ, ದೂರದಿಂದ ಕಾಣುವ ಗುರುತು, ಆಯುಧ ಬಹಿರಂಗವಾಗಿ ಹಿಡಿಯೋದು, ಯುದ್ಧ ನಿಯಮ ಪಾಲಿಸೋದು.

[ಪರದೆ: ಎರಡನೇ ಕವಲು]

ಎರಡನೇ ಜಾತಿಯವರು ಹೆಚ್ಚಾಗಿ ಎಡವೋದು ಈ ನಾಲ್ಕರಲ್ಲೇ. ಪಕ್ಷ, ಜಮೀನ್ದಾರ, ಪಂಗಡ, ಕೆಲವೊಮ್ಮೆ ಗುಟ್ಟಾಗಿ ಸರ್ಕಾರವೇ ಸಾಕಿದ ಪಡೆಗಳು ಇವು. ಸರ್ಕಾರಕ್ಕೆ ಇದರಿಂದ ಲಾಭ ಏನು? ಕೊಳಕು ಕೆಲಸ ಆಗತ್ತೆ, "ನಮಗೆ ಗೊತ್ತೇ ಇಲ್ಲ" ಅಂತಲೂ ಹೇಳಬಹುದು. ಅಗ್ಗವೂ ಹೌದು. ಲೆಕ್ಕ ಚುಕ್ತಾ ಮಾಡೋ ದಿನ ಬಂದಾಗ ಮಾತ್ರ ದುಬಾರಿ.

1920ರ ಜರ್ಮನಿ. ಮೊದಲ ಮಹಾಯುದ್ಧದಲ್ಲಿ ಸೋತ ಮೇಲೆ ಸಹಿ ಹಾಕಿದ ವರ್ಸೇಲ್ಸ್ ಒಪ್ಪಂದದ ಪ್ರಕಾರ ಸೈನ್ಯ 1,00,000ಕ್ಕೆ ಇಳಿಯಬೇಕು. ಹಾಗಾಗಿ ಫ್ರೈಕೋರ್ ಅನ್ನೋ ಸ್ವಯಂಸೇವಕ ಪಡೆಗಳು ಬರಖಾಸ್ತಾಗಬೇಕು. ಅವುಗಳಲ್ಲೊಂದಾದ ಎರ್ಹಾರ್ಟ್ ಬ್ರಿಗೇಡಿಗೆ ಆದೇಶ ಹೋಯ್ತು. ಮಾರ್ಚ್‌ನಲ್ಲಿ ಅದು ಚದುರೋ ಬದಲು ಬರ್ಲಿನ್‌ಗೇ ನುಗ್ಗಿತು.

ಸುಡಾನ್ ಕಥೆ ನಿಧಾನವಾಗಿ ನೋಡಬೇಕಾದ್ದು. ಪಶ್ಚಿಮದ ದಾರ್ಫುರ ಪ್ರಾಂತ್ಯದಲ್ಲಿ ಸರ್ಕಾರವೇ ಆಯುಧ ಕೊಟ್ಟು ಬೆಳೆಸಿದ್ದ ಜಂಜಾವೀದ್ ಗುಂಪುಗಳಿಂದ 2013ರಲ್ಲಿ ರ್‍ಯಾಪಿಡ್ ಸಪೋರ್ಟ್ ಫೋರ್ಸಸ್, ಅಂದರೆ ಆರ್‌ಎಸ್‌ಎಫ್, ಕಟ್ಟಿದರು. 2017ರಲ್ಲಿ ಕಾನೂನಿನ ಮುದ್ರೆಯೂ ಬಿತ್ತು. ಅದೇ ವರ್ಷ ಜೆಬೆಲ್ ಆಮಿರ್‌ನ ಚಿನ್ನದ ಗಣಿಗಳು ಅದರ ಕೈಸೇರಿದವು. ಅಲ್ಲಿಗೆ ಎರಡನೇ ಪ್ರಶ್ನೆಯ ಉತ್ತರ ಬದಲಾಯ್ತು: ಸಂಬಳ ಈಗ ಸ್ವಂತ ಖಜಾನೆಯಿಂದ. ಇತ್ತ ಸೇನೆ ನೆಲದ ಕಾದಾಟವನ್ನು ಇವರಿಗೇ ಗುತ್ತಿಗೆ ಕೊಟ್ಟ ಹಾಗೆ ಇತ್ತು. ವಿಮಾನ, ಟ್ಯಾಂಕ್ ಇದ್ದವು, ಕಾಲಾಳುಗಳು ಸಾಲುತ್ತಿರಲಿಲ್ಲ. ಸೇನೆಯಲ್ಲಿ ವಿಲೀನ ಆಗಿ ಅನ್ನೋ ಮಾತು ಬಂದಾಗ ಸೇನೆ ಕೇಳಿದ್ದು 2 ವರ್ಷದೊಳಗೆ, ಆರ್‌ಎಸ್‌ಎಫ್ ಕೇಳಿದ್ದು 10 ವರ್ಷ. 2023ರ ಏಪ್ರಿಲ್ 15ಕ್ಕೆ ಖಾರ್ತೂಮಿನಲ್ಲಿ ಯುದ್ಧ ಶುರು. ಮೆಷಿನ್ ಗನ್ ಕೂರಿಸಿದ ಪಿಕಪ್‌ಗಳು ಬೀದಿ ಬೀದಿ ಹಿಡಿದವು. ಜೆಟ್ ವಿಮಾನ ಮನೆಯೊಳಗೆ ಹೊಕ್ಕ ಹೋರಾಟಗಾರನನ್ನು ಹುಡುಕಿ ಹೊರಗೆಳೆಯಲಾರದು. ರಾಜಧಾನಿ ಸೇನೆಗೆ ವಾಪಸ್ ಸಿಕ್ಕಿದ್ದು 2025ರ ಮಾರ್ಚ್‌ನಲ್ಲಿ.

ಅದೇ 2023ರ ಜೂನ್‌ನಲ್ಲಿ ರಷ್ಯಾದ ಖಾಸಗಿ ಪಡೆ ವಾಗ್ನರ್ ದಂಗೆ ಎದ್ದಿತು. ಅದಕ್ಕೂ ಮುಂಚೆ ಬಂದಿದ್ದ ಆದೇಶ: ಜುಲೈ 1ರೊಳಗೆ ರಕ್ಷಣಾ ಸಚಿವಾಲಯದ ಜೊತೆ ಕರಾರಿಗೆ ಸಹಿ ಹಾಕಿ.

[ಪರದೆ: ರಾಶಿ ಹಾಕಿದ ರೈಫಲ್‌ಗಳು]

ಶಾಂತವಾಗಿ ಬಿಡಿಸಿದ ಉದಾಹರಣೆಯೂ ಇದೆ. ಕೊಲಂಬಿಯಾದ ಎಯುಸಿ, ಅಂದರೆ ಬಲಪಂಥೀಯ ಅರೆಸೇನಾ ಗುಂಪುಗಳ ಒಕ್ಕೂಟ, 1997ರಲ್ಲಿ ಒಗ್ಗೂಡಿದ್ದು, 2003ರಿಂದ 2006ರವರೆಗೆ ಹಂತ ಹಂತವಾಗಿ ಶರಣಾಯ್ತು. ಬಂದವರು 30,000ಕ್ಕೂ ಹೆಚ್ಚು. ಒಪ್ಪಿಸಿದ ಆಯುಧಗಳು ಸುಮಾರು 18,000. ಕೆಲವೇ ವರ್ಷಗಳಲ್ಲಿ ಮಧ್ಯಮ ದರ್ಜೆಯ ಹಳೇ ನಾಯಕರ ಕೈಕೆಳಗೆ, ಕೊಕೇನ್ ಸಾಗಿಸೋ ಅವೇ ದಾರಿಗಳಲ್ಲಿ, ಹೊಸ ಹೆಸರಿನ ಗುಂಪುಗಳು ಕಾಣಿಸಿಕೊಂಡವು.